ಅಪ್ಪಂಗೆ ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ಇತ್ತು, ಈಗ ಸಿಎಲ್ಎಲ್ ಅನ್ನೋ ಇನ್ನೊಂದು ರಕ್ತದ ಕ್ಯಾನ್ಸರ್ ಕೂಡ ಇದೆ ಅಂತಿದಾರೆ, ಹೀಗೂ ಆಗತ್ತಾ?

ತೀರ್ಥಹಳ್ಳಿ_ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪಂಗೆ 68, ಎರಡು ವರ್ಷದಿಂದ ಸಿಎಂಎಲ್‌ಗೆ ದಿನಾ ಇಮಾಟಿನಿಬ್ 400 ಮಿಗ್ರಾಂ ಮಾತ್ರೆ ತಗೋತಿದಾರೆ, ಚೆನ್ನಾಗೇ ಇದ್ರು. ಬಿಸಿಆರ್-ಎಬಿಎಲ್ (ಸಿಎಂಎಲ್ ಎಷ್ಟು ಉಳಿದಿದೆ ಅಂತ ತೋರ್ಸೋ ಜೀನ್ ಟೆಸ್ಟ್) 0.05 ಪರ್ಸೆಂಟಿಗೆ ಇಳಿದಿದೆ. ಆದ್ರೆ ಬಿಳಿ ರಕ್ತಕಣ ಮಾತ್ರ ಮೂರು ಸಲ ಟೆಸ್ಟ್ ಮಾಡಿಸಿದಾಗ್ಲೂ ಏರ್ತಾನೇ ಇದೆ, ಈಗ 28 ಸಾವಿರ, ಅದ್ರಲ್ಲಿ ಲಿಂಫೋಸೈಟ್ ಅನ್ನೋ ಜಾತಿಯದ್ದೇ 82 ಪರ್ಸೆಂಟ್. ಇಲ್ಲಿ ಒಬ್ರು ಡಾಕ್ಟ್ರು ಮಾತ್ರೆ ಕೆಲ್ಸ ಮಾಡ್ತಿಲ್ಲ ನಿಲ್ಸಿ ಅಂದ್ಬಿಟ್ರು. ಆಮೇಲೆ ಬೆಂಗಳೂರಲ್ಲಿ ಫ್ಲೋ ಸೈಟೋಮೆಟ್ರಿ (ಕಣದ ಮೇಲಿನ ಗುರುತು ನೋಡೋ ಟೆಸ್ಟ್) ಮಾಡ್ಸಿದ್ರೆ ಸಿಡಿ5, ಸಿಡಿ19, ಸಿಡಿ23 ಅನ್ನೋ ಗುರುತು ಪಾಸಿಟಿವ್, ಸಿಎಲ್ಎಲ್ ಅಂತ ಬಂತು. ಹಳೇದೇ ಇದಾಗಿ ತಿರುಗ್ತಾ? ಮಾತ್ರೆ ನಿಲ್ಸೋದಾ? ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಸ್ಲೈಡ್_ನೋಡೋನು:
ಮೊದ್ಲು ಅಮ್ಮಂಗೆ ಊಟ ಹಾಕಿ ತಾಯಿ. ನಾನು ಲ್ಯಾಬ್‌ನೋನು, ಡಾಕ್ಟ್ರಲ್ಲ. ಸಿಎಂಎಲ್ ಅಂದ್ರೆ 9 ಮತ್ತು 22ನೇ ಕ್ರೋಮೋಸೋಮಿನ ತುಂಡು ಅದಲುಬದಲಾಗಿ ಮೈಲಾಯ್ಡ್ ಅನ್ನೋ ಜಾತಿಯ ರಕ್ತಕಣ ಹೆಚ್ಚೋದು, ಸಿಎಲ್ಎಲ್ ಅಂದ್ರೆ ಬಲಿತ ಬಿ ಲಿಂಫೋಸೈಟ್ ಗುಂಪುಗಟ್ಟೋದು, ಮನೆತನವೇ ಬೇರೆ. ಸ್ಲೈಡಲ್ಲೂ ಗೊತ್ತಾಗತ್ತೆ: ಸಿಎಂಎಲ್‌ನಲ್ಲಿ ಎಳೇದು ಬಲಿತದ್ದು ಎಲ್ಲಾ ಥರದ ಕಣ ಜಾತ್ರೆ ಥರ ಕಾಣ್ತವೆ, ಸಿಎಲ್ಎಲ್‌ನಲ್ಲಿ ಒಂದೇ ಅಚ್ಚಿನ ಸಣ್ಣ ಗುಂಡು ಕಣಗಳು, ಸ್ಲೈಡ್ ಎಳೆಯುವಾಗ ಕೆಲವು ಒಡೆದು ಕುಂಕುಮ ಒರೆಸಿದ ಹಾಗೆ ಹರಡ್ಕೊಂಡಿರ್ತವೆ, ಅದನ್ನ ಸ್ಮಡ್ಜ್ ಸೆಲ್ ಅಂತೀವಿ. ಎರಡು ಕಾಯಿಲೆನೂ ಒಬ್ರಲ್ಲೇ ಇರೋದು ಅಪರೂಪ, ಆದ್ರೆ ವೈದ್ಯಕೀಯ ಜರ್ನಲ್‌ಗಳಲ್ಲಿ ಬಂದಿವೆ, ಹೆಚ್ಚಾಗಿ ಎರಡೂ ಬೇರೆಬೇರೆ ಬೇರಿಂದ ಹುಟ್ಟಿದ್ದೇ. ಸಿಎಂಎಲ್ ಕೆರಳಿ ಲಿಂಫೋಯ್ಡ್ ಬ್ಲಾಸ್ಟ್ ಕ್ರೈಸಿಸ್ ಅನ್ನೋ ತೀವ್ರ ಹಂತಕ್ಕೆ ಹೋಗೋದುಂಟು, ಆದ್ರೆ ಅದ್ರಲ್ಲಿ ಎಳೇ ಬ್ಲಾಸ್ಟ್ ಕಣ ಇರ್ತವೆ, ನಿಮ್ಮಪ್ಪನ ರಿಪೋರ್ಟಲ್ಲಿರೋದು ಬಲಿತವು, ಬಿಸಿಆರ್-ಎಬಿಎಲ್ ಬೇರೆ ಇಳಿದಿದೆ. ಅಂದ್ರೆ ಮಾತ್ರೆ ತನ್ನ ಕೆಲ್ಸ ಮಾಡ್ತಿದೆ, ಏರ್ತಿರೋದು ಅದರ ಲೆಕ್ಕಕ್ಕೆ ಸೇರದ ಕಣ. ಡಸಾಟಿನಿಬ್ ಅನ್ನೋ ಇನ್ನೊಂದು ಸಿಎಂಎಲ್ ಮಾತ್ರೆ ತಗೊಳೋರಿಗೆ ಮಾತ್ರೆಯಿಂದ್ಲೇ ಲಿಂಫೋಸೈಟ್ ಏರೋದಿದೆ, ನಿಮ್ದು ಅದಲ್ಲ.

ರೌಂಡ್ಸ್_ಮುಗೀತು:
ಮೇಲಿನವರು ಹೇಳಿದ್ದು ಸರಿ. ರಿಪೋರ್ಟ್ ನೋಡದೆ ಖಂಡಿತ ಹೇಳೋಕಾಗಲ್ಲ, ಆದ್ರೂ ಹೆಮಟಾಲಜಿಸ್ಟ್ (ರಕ್ತದ ಕಾಯಿಲೆ ಡಾಕ್ಟ್ರು) ಹೇಳದೆ ಇಮಾಟಿನಿಬ್ ನಿಲ್ಲಿಸ್ಬೇಡಿ. ಸಿಎಲ್ಎಲ್‌ಗೆ ಎಷ್ಟೋ ಸಲ ಏನೂ ಕೊಡೋದೇ ಇಲ್ಲ, ಕಾಯ್ತೀವಿ. ಜೋಧ್‌ಪುರದಲ್ಲಿ ಹುಟ್ಟಿದ ಡಾ. ಕಾಂತಿ ರೈ 1975ರಲ್ಲಿ ಸಿಎಲ್ಎಲ್‌ಗೆ ಮಾಡಿದ ಸ್ಟೇಜ್ ಲೆಕ್ಕ ಇವತ್ತಿಗೂ ಬಳಸ್ತೀವಿ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ ಲಕ್ಷಕ್ಕಿಂತ ಕೆಳಗೆ ಹೋಗೋದು, ಆರು ತಿಂಗಳಲ್ಲಿ ತೂಕದಲ್ಲಿ ಶೇ. 10 ಇಳಿಯೋದು, ರಾತ್ರಿ ಬನಿಯನ್ ಒದ್ದೆ ಆಗೋಷ್ಟು ಬೆವರು, ಇಂಥದ್ದಿದ್ರೆ ಚಿಕಿತ್ಸೆ ಯೋಚಿಸ್ತಾರೆ. ಬರೀ 28 ಸಾವಿರ ಅನ್ನೋ ಸಂಖ್ಯೆಗೆ ಶುರುಮಾಡಲ್ಲ. ಮುಂದೆ ಇಬ್ರುಟಿನಿಬ್ ಥರದ ಸಿಎಲ್ಎಲ್ ಮಾತ್ರೆ ಬೇಕಾದ್ರೆ ಎರಡೂ ಮಾತ್ರೆ ಲಿವರಲ್ಲಿ ಸಿವೈಪಿ3ಎ4 ಅನ್ನೋ ಒಂದೇ ಎಂಜೈಮ್ ದಾರೀಲಿ ಕರಗೋವು, ಇಮಾಟಿನಿಬ್ ಆ ದಾರಿನ ಅಡ್ಡಗಟ್ಟತ್ತೆ, ಇನ್ನೊಂದರ ಪ್ರಮಾಣ ರಕ್ತದಲ್ಲಿ ಏರತ್ತೆ, ಇಬ್ರುಟಿನಿಬ್‌ಗೆ ರಕ್ತಸ್ರಾವದ ಅಪಾಯ ಬೇರೆ ಇದೆ. ಅದಕ್ಕೇ ಎರಡನ್ನೂ ಒಬ್ರೇ ಡಾಕ್ಟ್ರು ನೋಡ್ಕೋಬೇಕು. ಜ್ವರ ಬಂದ್ರೆ ತಡ ಮಾಡ್ಬೇಡಿ, ಸಿಎಲ್ಎಲ್‌ನವರಿಗೆ ಸೋಂಕು ಬೇಗ ತಗಲತ್ತೆ.

ಒಂಬತ್ತು_ವರ್ಷ_ಮಾತ್ರೆ:
ನಾನು ಸಿಎಂಎಲ್ ಪೇಷಂಟ್. ಮಾತ್ರೆ ಊಟದ ಜೊತೆ ದೊಡ್ಡ ಲೋಟ ನೀರಲ್ಲಿ ತಗೊಳ್ಳಿ, ಬೆಳಗ್ಗೆ ಕಣ್ಣಿನ ಸುತ್ತ ಊತ ಕಂಡ್ರೆ ಹೆದರ್ಬೇಡಿ, ನನಗಂತೂ ಅಭ್ಯಾಸ ಆಗಿದೆ. 2013ರಲ್ಲಿ ಸುಪ್ರೀಂ ಕೋರ್ಟ್ ಗ್ಲಿವೆಕ್ (ಇಮಾಟಿನಿಬ್‌ನ ಕಂಪನಿ ಹೆಸರು) ಪೇಟೆಂಟ್ ಅರ್ಜಿ ತಳ್ಳಿಹಾಕಿ ಜೆನೆರಿಕ್ ಉಳೀತು, ಇಲ್ದಿದ್ರೆ ನಾನು ಇಷ್ಟು ವರ್ಷ ಮಾತ್ರೆ ಕೊಳ್ತಿದ್ನೋ ಇಲ್ವೋ. ಇನ್ನೊಂದು, ಅಪ್ಪಂಗೆ ಚಕ್ಕೋತ ತಿನ್ನೋದು ನಿಲ್ಲಿಸ್ಬಿಡಿ, ಅದೂ ಆ ಎಂಜೈಮಿಗೆ ಅಡ್ಡ ಬರತ್ತೆ.

ತೀರ್ಥಹಳ್ಳಿ_ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಂಗಳೂರಿನ ಹೆಮಟಾಲಜಿಸ್ಟ್ ಕೂಡ ಇಮಾಟಿನಿಬ್ ಮುಂದುವರೆಸಿ, ಮೂರು ತಿಂಗಳಿಗೊಮ್ಮೆ ಕೌಂಟ್ ನೋಡೋಣ ಅಂದಿದಾರೆ. ತೂಕ ಇಳಿಯೋದು, ಬೆವರು ಎರಡೂ ಇಲ್ಲ. ಚಕ್ಕೋತ ಸುದ್ದಿ ಓದಿ ಹೇಳ್ದೆ. ಹಿತ್ಲಲ್ಲಿ ಈ ವರ್ಷ ಮರ ಬಗ್ಗೋಷ್ಟು ಬಿಟ್ಟಿದೆ, ಅಪ್ಪ ಒಂದ್ನಿಮಿಷ ಸುಮ್ನಿದ್ದು "ಎರಡು ಕ್ಯಾನ್ಸರ್ ಅಂದಾಗ ಇಷ್ಟು ಬೇಜಾರಾಗಿರ್ಲಿಲ್ಲ ಕಣೇ" ಅಂದ್ರು.