ಟ್ಯಾಂಕರ್ ಹಾರ್ನ್ ಕೇಳಿದ್ರೆ ಕೈ ನಡುಗುತ್ತೆ, ಯಾರಿಗಾದ್ರೂ ಹೀಗಾಗಿತ್ತಾ?

ಕೇಳಿದವರು: ಸ್ಕೂಟರಮ್ಮ, ಅರೆಕೆರೆ

ಎರಡೂವರೆ ತಿಂಗಳ ಹಿಂದೆ ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ನೀರಿನ ಟ್ಯಾಂಕರ್ ನನ್ನ ಸ್ಕೂಟರನ್ನ ಪಕ್ಕದಿಂದ ಉಜ್ಜಿಕೊಂಡು ಹೋಯ್ತು. ಬಿದ್ದೆ. ಮೊಣಕೈ ತರಚಿತು, ಹೆಲ್ಮೆಟ್ ಸೀಳು ಬಿಡ್ತು, ಅಷ್ಟೇ. ಮಾರನೇ ದಿನವೇ ಆಫೀಸಿಗೆ ಹೋಗಿ ಎಲ್ಲರಿಗೂ ನಗ್ತಾ ನಗ್ತಾ ಕಥೆ ಹೇಳಿದ್ದೆ. ತೊಂದರೆ ಶುರುವಾಗಿದ್ದು ಎರಡು ವಾರ ಆದ್ಮೇಲೆ. ಮೊದಲು ಏರ್ ಹಾರ್ನ್ ಕೇಳಿದ್ರೆ ಎದೆ ಡವಡವ. ಆಮೇಲೆ ಕಸದ ಗಾಡಿ. ಈಗ ಪಕ್ಕದ ಮನೆ ಕಾರು ರಿವರ್ಸ್ ತಗೊಳ್ಳೋ ಸದ್ದಿಗೂ ಅಂಗೈ ಒದ್ದೆ ಆಗುತ್ತೆ. ಸ್ಕೂಟರ್ ಮುಟ್ಟಿ ಒಂದು ತಿಂಗಳಾಯ್ತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ರು. ಮನೆಯವರು ‘ಮನಸ್ಸು ಗಟ್ಟಿ ಮಾಡ್ಕೋ’ ಅಂತಾರೆ. ಗಟ್ಟಿ ಮಾಡೋ ಸ್ಕ್ರೂ ಎಲ್ಲಿದೆ ಅಂತ ಗೊತ್ತಿದ್ರೆ ಇಷ್ಟೊತ್ತಿಗೆ ತಿರುಗಿಸಿರ್ತಿದ್ದೆ. ಯಾರಿಗಾದ್ರೂ ಹೀಗಾಗಿ ಸರಿಹೋಗಿದ್ಯಾ? ಏನು ಮಾಡಿದ್ರಿ?

ಗಿರಿನಗರದ ರಾತ್ರಿ ಪಾಳಿ

ನನ್ನದು ನಾಯಿ ಕೇಸು. ಕೆಲಸ ಮುಗಿಸಿ ಬರುವಾಗ ನಮ್ಮ ಕ್ರಾಸ್‌ನಲ್ಲೇ ಮೀನಖಂಡಕ್ಕೆ ಬಾಯಿ ಹಾಕ್ತು. ಆ ಕ್ರಾಸ್ ಬಿಟ್ಟು ಮುಂದಿನ ಕ್ರಾಸಲ್ಲಿ ಓಡಾಡಿದೆ. ಅಲ್ಲೂ ಒಂದು ಮಲಗಿತ್ತು, ಮೈನ್ ರೋಡಿಂದ ಸುತ್ತಿಕೊಂಡು ಬಂದೆ. ಕೊನೆಗೆ ಮನೆ ಬಾಗಿಲವರೆಗೂ ಕ್ಯಾಬ್. ತಪ್ಪಿಸಿಕೊಂಡಷ್ಟೂ ನಮ್ಮ ಏರಿಯಾ ಚಿಕ್ಕದಾಗ್ತಾ ಹೋಯ್ತು, ನಾಯಿ ದೊಡ್ಡದಾಗ್ತಾ ಹೋಯ್ತು. ನೀವು ಸ್ಕೂಟರ್ ಮುಟ್ಟಿಲ್ಲ ಅಂದ್ರಲ್ಲ, ಅದನ್ನ ಓದಿ ನನಗೆ ದಿಗಿಲಾಯ್ತು. ಓಡಿಸೋದು ಆಮೇಲೆ. ದಿನಾ ಬೆಳಗ್ಗೆ ಕವರ್ ತೆಗೆದು ಒರೆಸಿ, ಸೀಟ್ ಮೇಲೆ ಐದು ನಿಮಿಷ ಕೂತ್ಕೊಳ್ಳಿ.

ಜೀವಶಾಸ್ತ್ರದ ಮೇಷ್ಟ್ರು, ನಿವೃತ್ತ

ಮೊದಲೆರಡು ವಾರ ಏನೂ ಇರಲಿಲ್ಲ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ‘ಆವಾಗ ಆಗದ ಭಯ ಈಗೆಲ್ಲಿಂದ ಬಂತು, ನಾಟಕ’ ಅಂತ ಯಾರಾದರೂ ಅಂದರೆ ಈ ಕಥೆ ಹೇಳಿ.

ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಆವರಣದೊಳಗೆ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ನಿಮ್ಹಾನ್ಸ್‌ನವರ ಜೊತೆ ಸೇರಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿತು. ದಿನಕ್ಕೆ 2 ಗಂಟೆ, 10 ದಿನ, ಇಲಿ ಅಲುಗಾಡದ ಹಾಗೆ ಬಂಧಿಸಿಡುವುದು. ಆಮೇಲೆ ಮೆದುಳು ನೋಡಿದರೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಟೊಂಗೆ ಮುದುಡಿತ್ತು. ಭಯ ಕಲಿಯುವ ಅಮಿಗ್ಡಲಾದಲ್ಲಿ ಮಾತ್ರ ಟೊಂಗೆ ಚಾಚಿ ಬೆಳೆದಿತ್ತು. ಒತ್ತಡ ಅಂದರೆ ಮೆದುಳು ಸವೆಯುವುದು ಅಂತಲೇ ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಒಂದು ಕಡೆ ಬೆಳೆಯುತ್ತದೆ ಅಂತ ಓದಿದ ದಿನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅದಾದ ಮೇಲೆ 21 ದಿನ ಇಲಿಗಳನ್ನು ಆರಾಮಾಗಿ ಬಿಟ್ಟು ನೋಡಿದರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾದ ಟೊಂಗೆ ಹಾಗೇ ಇತ್ತು.

ನಿಮಗೆ ಇನ್ನೂ ಹತ್ತಿರದ್ದು ಅದೇ ತಂಡದ 2005ರ ಕೆಲಸ. ಈ ಸಲ ಒಂದೇ ಒಂದು ದಿನ, 2 ಗಂಟೆ. ಮಾರನೇ ದಿನ ಇಲಿ ಆರಾಮ, ಮೆದುಳಲ್ಲೂ ಬದಲಾವಣೆ ಇಲ್ಲ. 10 ದಿನ ಬಿಟ್ಟು ನೋಡಿದರೆ ಅಮಿಗ್ಡಲಾದ ಟೊಂಗೆಗಳ ಮೇಲೆ ಸಣ್ಣ ಸಣ್ಣ ಮುಳ್ಳುಗಳು ಹೆಚ್ಚಾಗಿವೆ (ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವ ಜಾಗ ಅದು), ಇಲಿಗೆ ಆತಂಕವೂ ಬಂದಿದೆ. ಇಲಿ ಇಲಿಯೇ, ನೀವು ನೀವೇ. ಆದರೂ ತಡವಾಗಿ ಬಂದದ್ದು ಸುಳ್ಳಲ್ಲ ಅಂತ ನಂಬಲು ಇಷ್ಟು ಸಾಕು.

ಇನ್ನು ಹೋಗುತ್ತದಾ ಅನ್ನುವ ಪ್ರಶ್ನೆ. ಸದ್ದಿನ ಜೊತೆ ಶಾಕ್ ಕೊಟ್ಟರೆ ಇಲಿ ಸದ್ದಿಗೇ ಹೆದರಲು ಕಲಿಯುತ್ತದೆ, ಕೇಳಿದ ತಕ್ಷಣ ಮರಗಟ್ಟಿ ನಿಲ್ಲುತ್ತದೆ. ಶಾಕ್ ಇಲ್ಲದೆ ಸದ್ದು ಮಾತ್ರ ಮತ್ತೆ ಮತ್ತೆ ಕೇಳಿಸಿದರೆ ಹೆದರಿಕೆ ಇಳಿಯುತ್ತದೆ. ಆದರೆ ಬೇರೆ ಪಂಜರಕ್ಕೆ ಹಾಕಿ ಅದೇ ಸದ್ದು ಕೇಳಿಸಿ ನೋಡಿ, ಮತ್ತೆ ಮರಗಟ್ಟುತ್ತದೆ. ಹಳೆಯ ಪಾಠ ಅಳಿಸಿಹೋಗಿಲ್ಲ, ಅದರ ಪಕ್ಕದಲ್ಲಿ ‘ಇಲ್ಲಿ ಏನೂ ಆಗಲ್ಲ’ ಅನ್ನುವ ಹೊಸ ಪಾಠ ಕೂತಿದೆ, ಅದೂ ಆ ಪಂಜರಕ್ಕೆ ಮಾತ್ರ. ಕೆಲವು ದಿನ ಸುಮ್ಮನಿದ್ದರೆ ಹಳೆಯದು ತಾನಾಗಿ ತಲೆ ಎತ್ತುವುದೂ ಉಂಟು. ಪಾವ್ಲೋವ್ ತನ್ನ ನಾಯಿಗಳಲ್ಲಿ ಇಂಥದ್ದನ್ನು ಆಗಲೇ ಗಮನಿಸಿದ್ದ.

ನನಗೆ ಇದು ಗೊತ್ತಿದ್ದೂ ಪ್ರಯೋಜನವಾಗಲಿಲ್ಲ. ಒಮ್ಮೆ ಕರೆಂಟು ಹೋಗಿ ಲಿಫ್ಟ್‌ನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದೆ. ಹಟ ಹಿಡಿದು ಕಾಲೇಜಿನ ಲಿಫ್ಟ್‌ನಲ್ಲೇ ತಿಂಗಳುಗಟ್ಟಲೆ ಹತ್ತಿ ಇಳಿದು ಗೆದ್ದೆ ಅಂದುಕೊಂಡೆ. ಹೆಬ್ಬಾಳದಲ್ಲಿ ಮಗಳ ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲು ಮುಚ್ಚಿದ್ದೇ ತಡ, ಅಂಗಿ ಬೆನ್ನಿಗೆ ಅಂಟಿತು. ಆಮೇಲೆ ಸಿಕ್ಕ ಸಿಕ್ಕ ಕಟ್ಟಡದ ಲಿಫ್ಟ್ ಹತ್ತಿದೆ, ಸೆಕ್ಯುರಿಟಿಯವರು ಯಾವ ಮನೆಗೆ ಅಂತ ಕೇಳಿದರೆ ಬಾಯಿಗೆ ಬಂದದ್ದು ಹೇಳಿದೆ. ಏಳು ಲಿಫ್ಟ್ ಆಯಿತು. ಎಂಟನೆಯದರಲ್ಲಿ ಕನ್ನಡಿ ನೋಡಿಕೊಂಡು ತಲೆ ಬಾಚಿಕೊಂಡೆ.

ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಮ್ಮಿಗೆ ಯಜಮಾನರನ್ನು ಒಂದು ಸಲ ಕರೆದುಕೊಂಡು ಹೋಗಿ. ನಿಜವಾದ ಮೆದುಳನ್ನು ಕೈಗೆ ಕೊಡುತ್ತಾರೆ, ಒದ್ದೆ ರಬ್ಬರಿನ ಹಾಗಿರುತ್ತದೆ. ಅಮಿಗ್ಡಲಾ ಅಂದರೆ ಗ್ರೀಕ್‌ನಲ್ಲಿ ಬಾದಾಮಿ, ಗಾತ್ರವೂ ಸುಮಾರು ಅಷ್ಟೇ. ಸ್ಕ್ರೂ ಎಲ್ಲಿದೆ ಅಂತ ಅವರೇ ಹುಡುಕಲಿ.

ಮೂರು ಚಕ್ರ, ಶ್ರೀನಗರ

ಮೇಷ್ಟ್ರು ದೊಡ್ಡದಾಗಿ ಬರ್ದವ್ರೆ, ನಂದು ಚಿಕ್ದು. ನನ್ನ ಆಟೋಗೆ ಲಾರಿ ಗುದ್ದಿತ್ತು. ಆಮೇಲೆ ಹಿಂದೆ ಲಾರಿ ಬಂದ್ರೆ ಕಾಲು ತಾನೇ ಬ್ರೇಕ್ ಮೇಲೆ ಹೋಗೋದು, ಪ್ಯಾಸೆಂಜರ್ ಮುಂದಕ್ಕೆ ಮುಗ್ಗರಿಸೋರು. ಕಲಾಸಿಪಾಳ್ಯದಲ್ಲಿ ಲಾರಿ ನಿಲ್ಸಿರ್ತಾರಲ್ಲ, ಅಲ್ಲಿ ದಿನಾ ಟೀ ಕುಡಿಯೋಕೆ ಹೋದೆ. ಟೈರ್‌ಗೆ ಒರಗಿ ಕುಡಿದೆ. ಡ್ರೈವರ್‌ಗಳು ಪರಿಚಯ ಆದ್ರು, ಒಬ್ಬನ ಮಗಳಿಗೆ ಮದುವೆ, ಒಬ್ಬನಿಗೆ ಮೂಲವ್ಯಾಧಿ. ಆಮೇಲೆ ಲಾರಿ ಬರೀ ಲಾರಿ ಆಯ್ತು. ಟ್ಯಾಂಕರ್ ನಿಮ್ಮ ಏರಿಯಾಗೆ ಬರದೆ ಇರುತ್ತಾ? ನಿಂತಿರೋ ಟ್ಯಾಂಕರ್ ಹತ್ರ ಹೋಗಿ ಅಕ್ಕ. ಓಡ್ತಿರೋದ್ರ ಹತ್ರ ಬೇಡ.

ಹೆಸರು ಬೇಡ

ನಾನು ಡಾಕ್ಟರ್ ಹತ್ತಿರ ಹೋದವಳು, ಆ ಕಡೆಯ ಮಾತನ್ನೂ ಹೇಳ್ತೀನಿ. ವಾಕಿಂಗ್‌ನಲ್ಲಿ ಬೈಕಿನವರು ಸರ ಕಿತ್ತುಕೊಂಡು ಹೋದ್ರು. ಮೊದಲು ಹೋದ ಕ್ಲಿನಿಕ್‌ನಲ್ಲಿ ಎರಡೇ ನಿಮಿಷ ಮಾತಾಡಿಸಿ ನಿದ್ದೆ ಮಾತ್ರೆ ಬರೆದುಕೊಟ್ರು. ನಿದ್ದೆ ಬಂತು, ಭಯ ಹೋಗಲಿಲ್ಲ. ಆಘಾತ ಆದ ಮೊದಲ ತಿಂಗಳಲ್ಲಿ ಬೆಂಜೊಡಯಜಪೀನ್ ಥರದ ನಿದ್ದೆ-ಆತಂಕದ ಮಾತ್ರೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ ಅಂತ ಆಮೇಲೆ ಗೊತ್ತಾಯ್ತು. (ಈಗಾಗಲೇ ತಗೊಳ್ತಿರೋರು ತಾವಾಗಿ ನಿಲ್ಲಿಸಬೇಡಿ, ಅದು ಇನ್ನೊಂದು ಗೋಳು.)

ಆಮೇಲೆ ಸಿಕ್ಕ ಸೈಕಾಲಜಿಸ್ಟ್ ಒಂದು ಹಾಳೆ ಕೊಟ್ಟು ಭಯಗಳಿಗೆಲ್ಲ ನೂರಕ್ಕೆ ಅಂಕ ಹಾಕಿಸಿದ್ರು. ಫೋನ್‌ನಲ್ಲಿ ಬೈಕ್ ಸದ್ದು ಕೇಳೋದು 30. ಗೇಟ್ ಹತ್ತಿರ ನಿಲ್ಲೋದು 45. ಒಬ್ಬಳೇ ಪಾರ್ಕಿಗೆ ಹೋಗೋದು 90. ಕೆಳಗಿನಿಂದ ಶುರು, ಎದೆಬಡಿತ ತಾನಾಗಿ ಇಳಿಯೋವರೆಗೂ ಅಲ್ಲೇ ಇರಬೇಕು. ನಾನು ಎಲ್ಲ ಮಾಡಿದೆ, ಅಂಕ ಮಾತ್ರ ಇಳೀಲಿಲ್ಲ. ಒಂದು ದಿನ ಅವರೇ ಜೊತೆಗೆ ಬಂದು ನೋಡಿದ್ರು: ಹೆಜ್ಜೆ ಹೆಜ್ಜೆಗೂ ನನ್ನ ಎಡಗೈ ದುಪಟ್ಟಾ ಜೊತೆ ಕುತ್ತಿಗೆ ಹಿಡಿದುಕೊಂಡಿತ್ತು. ನನಗೇ ಗೊತ್ತಿರಲಿಲ್ಲ! ‘ಕೈ ಹಿಡಿದಿದ್ದಕ್ಕೇ ಬಚಾವಾದೆ’ ಅಂತ ಮೆದುಳು ಲೆಕ್ಕ ಬರ್ಕೊಳ್ತಾ ಇತ್ತಂತೆ. ಕೈ ಇಳಿಸಿ ನಡೆದ ಮೊದಲ ದಿನ ಅತ್ತುಬಿಟ್ಟೆ. ಅಂಕ ಇಳಿಯೋಕೆ ಶುರುವಾಗಿದ್ದೂ ಅವತ್ತಿಂದಲೇ.

ಕೆಟ್ಟ ಕನಸು, ಅದೇ ದೃಶ್ಯ ಕಣ್ಮುಂದೆ ಬರೋದು, ಬೆಚ್ಚಿಬೀಳೋದು ಒಂದು ತಿಂಗಳು ದಾಟಿದ್ರೆ ತೋರಿಸ್ಕೊಳ್ಳಿ. ನಿಮಗೆ ಆಗಲೇ ದಾಟಿದೆ. ಎಲ್ಲಿ ಅಂತ ಗೊತ್ತಾಗದಿದ್ರೆ ಟೆಲಿಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಮಧ್ಯರಾತ್ರಿಯೂ ಎತ್ತಿಕೊಳ್ತಾರೆ.

ಸುಮ್ನೆ ಓದೋನು

ಒಂದು ತಕರಾರು. ಬನ್ನೇರುಘಟ್ಟ ರೋಡಲ್ಲಿ ಟ್ಯಾಂಕರ್ ಕಂಡ್ರೆ ಭಯ ಆಗದೇ ಇರೋದು ಕಾಯಿಲೆ. ಪೂರ್ತಿ ಹೋಗಿಸ್ಕೋಬೇಡಿ, ಸ್ವಲ್ಪ ಇಟ್ಕೊಳ್ಳಿ.

ಸ್ಕೂಟರಮ್ಮ, ಮೂರು ವಾರದ ನಂತರ

14416ಕ್ಕೆ ಫೋನ್ ಮಾಡಿದೆ, ಮುಂದಿನ ವಾರಕ್ಕೆ ಅಪಾಯಿಂಟ್‌ಮೆಂಟ್ ಇದೆ. ಸ್ಕೂಟರ್ ದಿನಾ ಒರೆಸ್ತಿದ್ದೀನಿ, ಮನೆಯಲ್ಲಿ ಅದರಷ್ಟು ಕ್ಲೀನಾಗಿರೋದು ಬೇರೆ ಏನೂ ಇಲ್ಲ. ಹ್ಯಾಂಡಲ್ ಹಿಡಿದ್ರೆ ಬ್ರೇಕ್ ಅದುಮಿಕೊಂಡೇ ಇರ್ತೀನಿ ಅಂತ ಈಗ ಗಮನಕ್ಕೆ ಬಂತು, ನಿಂತ ಗಾಡಿಯಲ್ಲಿ!

ನಿನ್ನೆ ಪಕ್ಕದ ಬಿಲ್ಡಿಂಗ್‌ನ ನೀರಿನ ಸಂಪ್‌ ತುಂಬಿಸೋಕೆ ಟ್ಯಾಂಕರ್ ಬಂದಿತ್ತು. ಹತ್ತಿರ ಹೋಗಿ ನಿಂತೆ. ಪೈಪ್ ಜೋಡಿಸೋ ಜಾಗದಿಂದ ನೀರು ಸೋರಿ ನನ್ನ ಚಪ್ಪಲಿ ತನಕ ಬಂತು. ಡ್ರೈವರ್ ಇಪ್ಪತ್ತರ ಹುಡುಗ, ‘ಏನಕ್ಕಾ, ಲೋಡ್ ಬೇಕಿತ್ತಾ?’ ಅಂದ. ಬೇಡಪ್ಪ, ಒಂದ್ಸಲ ಹಾರ್ನ್ ಹೊಡಿ ಅಂದೆ. ಮೇಲಿಂದ ಕೆಳಗೆ ನೋಡಿ ಹೊಡೆದ. ಗೋಡೆ ಹಿಡ್ಕೊಂಡೆ. ಇನ್ನೊಂದ್ಸಲ ಅಂದೆ. ನಾಲ್ಕನೇ ಹಾರ್ನಿಗೆ ನಾನು ಗೋಡೆ ಬಿಟ್ಟಿದ್ದೆ, ಆದ್ರೆ ಎದುರು ಮನೆ ಅಜ್ಜಿ ಬಾಲ್ಕನಿಗೆ ಬಂದು ಇಬ್ಬರಿಗೂ ಸೇರಿಸಿ ಬೈದ್ರು. ನಾಳೆ ಹಿಂದಿನ ಕ್ರಾಸ್‌ಗೆ ಬೇರೆ ಟ್ಯಾಂಕರ್ ಬರುತ್ತಂತೆ, ಹನ್ನೊಂದು ಗಂಟೆಗೆ.