ಬೂಷ್ಟು ಹಿಡಿದ ಡಿವಿಡಿ: ಸಿನಿಮಾ ನಡುವೆ ಮಾತ್ರ ಯಾಕೆ ನಿಲ್ಲುತ್ತೆ?

ಪ್ರಶ್ನೆ (ತೀರ್ಥಹಳ್ಳಿ)

2005ರಲ್ಲಿ ನಮ್ಮ ಮದುವೆಯಾಯಿತು. ಅದೇ ವರ್ಷ ಅಮೆರಿಕದಿಂದ ಬಂದ ನಾದಿನಿ ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ ಡಿವಿಡಿ ತಂದುಕೊಟ್ಟಳು. ಜಿಮ್ ಕ್ಯಾರಿ, ಕೇಟ್ ವಿನ್ಸ್ಲೆಟ್ ಇರುವ 2004ರ ಸಿನಿಮಾ. ಪ್ರೀತಿಸಿದವರ ನೆನಪನ್ನೇ ಯಂತ್ರ ಹಚ್ಚಿ ಅಳಿಸಿಕೊಳ್ಳುವ ಕಥೆ. ಪ್ರತಿ ಮಳೆಗಾಲ, ಕರೆಂಟ್ ಇರುವ ಒಂದು ರಾತ್ರಿ ನೋಡಿ ನಾನೂ ನಮ್ಮನೆಯವರೂ ಅದನ್ನು ಹಾಕಿಕೊಂಡು ಕೂರುತ್ತೇವೆ. ಒಂದು ವರ್ಷವೂ ತಪ್ಪಿಸಿಲ್ಲ.

ಈ ಸಲ ಡಬ್ಬಿ ತೆಗೆದರೆ ಡಿಸ್ಕಿನ ಅಂಚಿಗೆ ಬೂಷ್ಟು. ತೆಳ್ಳಗೆ, ಬೆಳ್ಳಗೆ, ಜೇಡರ ಬಲೆ ಥರ. ಸುಮಾರು ಒಂದು ಗಂಟೆ ಚೆನ್ನಾಗಿ ಓಡುತ್ತದೆ. ಜಿಮ್ ಕ್ಯಾರಿಯ ಪಾತ್ರ ಜೋಯೆಲ್ ಮಗುವಾಗಿ ಅಡುಗೆಮನೆ ಮೇಜಿನ ಕೆಳಗೆ ಕೂರುತ್ತಾನಲ್ಲ, ಅಲ್ಲಿ ನಿಂತುಬಿಡುತ್ತದೆ. ಮುಂದಕ್ಕೆ ಓಡಿಸಿದರೆ ಕೊನೆಯ ಭಾಗಕ್ಕೆ ಏನೂ ಆಗಿಲ್ಲ. ಅಂಚು ಹಾಳಾದರೆ ಕೊನೆಯೇ ಹೋಗಬೇಕಿತ್ತು ಅಲ್ವಾ?

ಹಳೇ ಪ್ಲೇಯರ್ ಕೂಡ ಕೈಕೊಡುತ್ತಿದೆ. ಲ್ಯಾಪ್‌ಟಾಪಿಗೆ ಹಾಕಿದರೆ ‘ರೀಜನ್ ಬದಲಿಸಲಾ’ ಅಂತ ಕೇಳುತ್ತದೆ. ಒತ್ತಬಹುದಾ?

ಆನ್‌ಲೈನಲ್ಲಿ ನೋಡಿ ಅನ್ನಬೇಡಿ ದಯವಿಟ್ಟು. ನಿರ್ದೇಶಕ ಮಿಷೆಲ್ ಗಾಂಡ್ರಿ, ಬರೆದ ಚಾರ್ಲಿ ಕಾಫ್‌ಮನ್ ಇಬ್ಬರೂ ಸಿನಿಮಾ ಉದ್ದಕ್ಕೂ ಮಾತಾಡಿರುವ ಟ್ರ್ಯಾಕ್ ಇದರಲ್ಲಿದೆ. ನಮಗೆ ಅದು ಬೇಕು.

ಉತ್ತರ (ಶಿವಮೊಗ್ಗ)

ಮೇಡಂ, ನಾನು ಹದಿನೈದು ವರ್ಷ ಸಿಡಿ ಅಂಗಡಿ ಇಟ್ಟಿದ್ದವನು. ಡಿಸ್ಕ್ ಮಗುಚಿ ನೋಡಿ. ತಿಳಿ ಬಂಗಾರದ ಬಣ್ಣ ಇದ್ದರೆ ಒಳಗೆ ಎರಡು ಪದರ ಇದೆ ಅಂತ. ಲೇಸರ್ ಮೊದಲ ಪದರವನ್ನು ನಡುವಿನಿಂದ ಅಂಚಿನ ಕಡೆ ಓದುತ್ತಾ ಹೋಗುತ್ತದೆ. ಆಮೇಲೆ ಎರಡನೇ ಪದರ ಹಿಡಿದು ವಾಪಸ್ ಒಳಗೆ ಬರುತ್ತದೆ. ಹಾಗಾಗಿ 108 ನಿಮಿಷದ ಈ ಸಿನಿಮಾದ ನಡುಭಾಗ ಅಂಚಿನ ಹತ್ತಿರ ಇರುತ್ತದೆ. ಕೊನೆ ಉಳಿದಿದ್ದು ಅದಕ್ಕೇ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಹಳೇ ಮೆತ್ತನೆ ಪಂಚೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಬೇಡಿ. ಆಮೇಲೆ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತು ಕಂಡರೆ ಒಳಗಿನ ಲೋಹವೇ ಹೋಗಿದೆ, ಅದು ತೊಳೆದರೆ ಸರಿಯಾಗಲ್ಲ. ಒಣಗಿಸೋಕೆ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಬಿಸಿಗೆ ಸೊಟ್ಟಗಾದ ಡಿಸ್ಕ್ ಎಷ್ಟೋ ನೋಡಿದ್ದೇನೆ.

ಉತ್ತರ (ಸಾಗರ)

ಅಕ್ಕಾ, ರೀಜನ್ ಅಂದರೆ ಯಾವ ಡಿಸ್ಕ್ ಯಾವ ದೇಶದ ಪ್ಲೇಯರಲ್ಲಿ ಓಡಬೇಕು ಅಂತ ಹಾಕಿದ ಬೀಗ. ಅಮೆರಿಕದ ಡಿವಿಡಿ ರೀಜನ್ 1, ನಮ್ಮದು 5. ಲ್ಯಾಪ್‌ಟಾಪಲ್ಲಿ ಐದೇ ಸಲ ಬದಲಿಸಬಹುದು, ಕೊನೆಗೆ ಯಾವುದಕ್ಕೆ ಇಟ್ಟಿರೋ ಅದೇ ಗಟ್ಟಿ. ಬೇರೆ ಡಿಸ್ಕ್ ನೋಡಲ್ಲ ಅಂದರೆ ಧೈರ್ಯವಾಗಿ 1ಕ್ಕೆ ಹಾಕಿ. ಮುಂದೆ ಬ್ಲೂ-ರೇ (ಡಿವಿಡಿ ಆದಮೇಲೆ ಬಂದ ಡಿಸ್ಕ್) ತರಿಸುವುದಾದರೂ ಇದೇ ತಾಪತ್ರಯ. ಅದರಲ್ಲಿ ಅಮೆರಿಕ ರೀಜನ್ ಎ, ನಾವು ಸಿ. ಅದಕ್ಕೂ ಹೊಸದಾದ 4ಕೆ ಡಿಸ್ಕಿಗೆ ರೀಜನ್ ಗೋಳಿಲ್ಲ, ಆದರೆ ಪ್ಲೇಯರ್ ಬೇರೆಯೇ ಬೇಕು. ತರಿಸುವ ಮುಂಚೆ ಆ ಮಾತಿನ ಟ್ರ್ಯಾಕ್ ಇದೆಯಾ ಅಂತ ಕವರಿನ ಹಿಂದೆ ನೋಡಿ.

ಪ್ರಶ್ನೆ ಕೇಳಿದವರು

ತೊಳೆದೆ. ಬಣ್ಣ ಬಂಗಾರದ್ದೇ. ಬೆಳಕಿಗೆ ಹಿಡಿದರೆ ಎರಡು ತೂತು, ಅಂಚಿನಲ್ಲೇ. ನಿನ್ನೆ ರಾತ್ರಿ ಹಾಕಿದೆವು. ಅಡುಗೆಮನೆ ದೃಶ್ಯದಲ್ಲಿ ಒಂದೆರಡು ಸಲ ತಡವರಿಸಿತು, ನಿಲ್ಲಲಿಲ್ಲ. ಅಲ್ಲಿ ಕಂಪ್ಯೂಟರ್ ಚಮತ್ಕಾರ ಇಲ್ಲ, ಸೆಟ್ಟನ್ನೇ ಭಾರೀ ಅಳತೆಯಲ್ಲಿ ಕಟ್ಟಿ ಜಿಮ್ ಕ್ಯಾರಿಯನ್ನು ಪುಟ್ಟ ಮಗು ಮಾಡಿದ್ದಾರೆ. ನಮ್ಮನೆಯವರು ಈ ಸಲವೂ ಎದ್ದು ಟಿವಿ ಹತ್ತಿರ ಹೋಗಿ ಆ ಮೇಜಿನ ಕಾಲು ನೋಡಿದರು. ಅಂಗಡಿ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ರೀಜನ್ ಇವತ್ತು ರಾತ್ರಿ ಬದಲಿಸುತ್ತೇನೆ.