ಪ್ರಿಪೇಯ್ಡ್ ಸಾಕಾ, ಎರಡು ವರ್ಷದ ಕಾಂಟ್ರಾಕ್ಟ್ ತಗೊಳ್ಳಲಾ?

ಪ್ರಶ್ನೆ: ಮೇಡಂ, ನೀವು ಮೊಬೈಲ್ ಬಿಲ್ಲಿಂಗ್ ಕೆಲಸದಲ್ಲಿರೋದ್ರಿಂದ ಕೇಳುತ್ತಿದ್ದೇನೆ. ನನ್ನದು ಪ್ರಿಪೇಯ್ಡ್. ಫೋನ್ ಹಳೆಯದಾಗಿದೆ. 24 ತಿಂಗಳ ಕಾಂಟ್ರಾಕ್ಟ್‌ಗೆ ಸೈನ್ ಹಾಕಿದರೆ ಹೊಸ ಫೋನ್ ಫ್ರೀ ಅಂತಿದ್ದಾರೆ. ಮನೆ, ಆಫೀಸು ಎರಡೂ ಕಡೆ ವೈಫೈ ಇದೆ. ಯಾವುದು ಒಳ್ಳೆಯದು?

ಉತ್ತರ: ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನೋ ಹಾಗೆ ಎಲ್ಲರ ಕಣ್ಣೂ ಮೊದಲು ಬೀಳೋದು ಆ ಫ್ರೀ ಮೇಲೇ. ಆದರೆ ಅದು ಕಂತು. ಫೋನಿನ ದುಡ್ಡು ತಿಂಗಳ ಬಿಲ್ಲಿನೊಳಗೆ ಸೇರಿರುತ್ತದೆ.

ಪೆನ್ನು ಹಿಡಿದು ಲೆಕ್ಕ ಹಾಕಿ. ಒಂದು ಕಡೆ ಕಾಂಟ್ರಾಕ್ಟಿನ ತಿಂಗಳ ಬಿಲ್ಲನ್ನು 24ರಿಂದ ಗುಣಿಸಿ, ಮುಂಗಡ ಇದ್ದರೆ ಕೂಡಿಸಿ. ಇನ್ನೊಂದು ಕಡೆ ಅದೇ ಫೋನಿನ ಬಿಡಿ ಬೆಲೆ, ಜೊತೆಗೆ ಎರಡು ವರ್ಷದ ರೀಚಾರ್ಜ್ ಬರೆಯಿರಿ. ಇಲ್ಲಿ ಹುಷಾರು. 28 ದಿನದ ಪ್ಯಾಕ್ ಆದರೆ ವರ್ಷಕ್ಕೆ 12 ರೀಚಾರ್ಜ್ ಅಲ್ಲ, 13. ಎರಡು ವರ್ಷಕ್ಕೆ 26. ಹೆಚ್ಚುವರಿ ಬರುವ ಆ ಎರಡು ರೀಚಾರ್ಜ್ ಲೆಕ್ಕಕ್ಕೆ ಹಿಡಿಯದೆ ಪ್ರಿಪೇಯ್ಡ್ ಅಗ್ಗ ಅಂದುಕೊಳ್ಳುವವರು ಬಹಳ ಜನ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯನ್ನೂ ನೋಡಿ. ವೈಫೈ ಲೆಕ್ಕ ಬೇಡ, ಮೊಬೈಲ್ ಡೇಟಾ ಮಾತ್ರ. ಎರಡೂ ಕಡೆ ವೈಫೈ ಇರುವವರಿಗೆ ದೊಡ್ಡ ಪ್ಲಾನ್ ಸಾಮಾನ್ಯವಾಗಿ ಬೇಕಾಗಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಫೋನ್ ಬೇರೆ ಕೊಂಡು ಪ್ರಿಪೇಯ್ಡ್‌ನಲ್ಲೇ ಇರುತ್ತಿದ್ದೆ.

ಪ್ರಶ್ನೆ: ಸರಿ, ಆದರೆ ಫೋನಿಗೆ ಒಂದೇ ಸಲ ಅಷ್ಟು ದುಡ್ಡು ಹಾಕೋಕೆ ಆಗಲ್ವಲ್ಲ?

ಉತ್ತರ: ಹಾಗಾದರೆ ಕಾಂಟ್ರಾಕ್ಟ್ ತಗೊಳ್ಳೋದು ತಪ್ಪೇನಲ್ಲ. ಸಾಲ ಅಂತ ತಿಳಿದು ತಗೊಳ್ಳಿ, ಅಷ್ಟೇ. ಬೇರೆ ಕಡೆ ಬಡ್ಡಿ ಇಲ್ಲದ ಕಂತು ಸಿಗುತ್ತಾ ಅಂತಲೂ ವಿಚಾರಿಸಿ.

ಸೈನ್ ಹಾಕುವ ಮೊದಲು ಒಂದು ಮಾತು ಕೇಳಲೇಬೇಕು: 25ನೇ ತಿಂಗಳು ಬಿಲ್ ಇಳಿಯುತ್ತಾ? ಕೆಲವು ಕಾಂಟ್ರಾಕ್ಟ್‌ಗಳಲ್ಲಿ ತಾನಾಗಿ ಇಳಿಯಲ್ಲ. ಫೋನಿನ ಸಾಲ ತೀರಿದ ಮೇಲೂ ಅದೇ ಮೊತ್ತ ಸುಮ್ನೆ ಹೋಗುತ್ತಿರುತ್ತದೆ. ಫೋನ್ ಮಾಡಿ ಪ್ಲಾನ್ ಬದಲಿಸಿ ಅನ್ನಬೇಕು. ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಬೇರೆ ಕಂಪನಿಯ ಸಿಮ್ ಹಾಕೋಕೆ ಆಗದ ಹಾಗೆ ಫೋನ್ ಲಾಕ್ ಆಗಿರುತ್ತಾ ಅನ್ನೋದನ್ನೂ ಓದಿಕೊಳ್ಳಿ.

ಇನ್ನೊಬ್ಬರು: ಮೇಡಂ, ನಾನು ಹೋದ ತಿಂಗಳು ಕಾಂಟ್ರಾಕ್ಟ್ ತಗೊಂಡೆ. ಮೊದಲ ಬಿಲ್ಲೇ ಹೇಳಿದ್ದಕ್ಕಿಂತ ಜಾಸ್ತಿ ಬಂದಿದೆ. ಮೋಸ ಅಲ್ವಾ?

ಉತ್ತರ: ಬಹುಶಃ ಅಲ್ಲ. ನಮಗೆ ತುಂಬಾ ಬರುವ ದೂರು ಇದೇ. ಬಿಲ್ ಲೆಕ್ಕದ ತಿಂಗಳು 1ನೇ ತಾರೀಕಿಗೆ ಶುರು, ನೀವು ಸೇರಿದ್ದು 20ಕ್ಕೆ ಅಂದುಕೊಳ್ಳಿ. 20ರಿಂದ 30ರವರೆಗಿನ 11 ದಿನದ ಪ್ಲಾನ್ ಬಾಡಿಗೆ, ಮುಂದಿನ ಪೂರ್ತಿ ತಿಂಗಳ ಮುಂಗಡ ಬಾಡಿಗೆ, ಎರಡೂ ಒಂದೇ ಬಿಲ್ಲಿನಲ್ಲಿ ಬರುತ್ತವೆ. ತೆರಿಗೆ ಬೇರೆ. ಎರಡನೇ ಬಿಲ್ ಕೂಡ ಜಾಸ್ತಿ ಬಂದರೆ ಆಗ ಜಗಳಕ್ಕೆ ನಿಲ್ಲಿ, ನಾನೂ ನಿಮ್ಮ ಕಡೆ.

ಮತ್ತೊಬ್ಬರು: ಮಗನಿಗೆ ಮೊದಲ ಫೋನ್ ಕೊಡಿಸುತ್ತಿದ್ದೇನೆ. ಯಾವುದು ಹಾಕಿಸಲಿ?

ಉತ್ತರ: ಪ್ರಿಪೇಯ್ಡ್, ಯೋಚನೆಯೇ ಬೇಡ. ಡೇಟಾ ಮುಗಿದರೆ ನಿಲ್ಲುತ್ತದೆ ಇಲ್ಲವೇ ನಿಧಾನವಾಗುತ್ತದೆ, ಬಿಲ್ ಏರಲ್ಲ. ಕಾಂಟ್ರಾಕ್ಟಿನಲ್ಲಿ ಮಿತಿ ಹಾಕಿಸದಿದ್ದರೆ ಮೀಟರ್ ಓಡುತ್ತಲೇ ಇರಬಹುದು, ಅದರಲ್ಲೂ ಹೊರದೇಶದ ರೋಮಿಂಗ್‌ನಲ್ಲಿ. ಪ್ರವಾಸಕ್ಕೆ ಹೋಗುವವರು ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ.

ಮೊದಲು ಕೇಳಿದವರು: ಲೆಕ್ಕ ಹಾಕಿದೆ ಮೇಡಂ. ಫೋನ್ ಬೇರೆ ಕೊಳ್ಳೋದೇ ಅಗ್ಗ. ಆದರೆ ಕಂಪನಿ ಬದಲಿಸಬೇಕು ಅಂತಿದೀನಿ, ನಂಬರ್ ಉಳಿಯುತ್ತಾ?

ಉತ್ತರ: ಪೋರ್ಟ್ ಮಾಡಿಸಿದರೆ ನಂಬರ್ ಉಳಿಯುತ್ತದೆ. ಪ್ರಿಪೇಯ್ಡ್ ಬ್ಯಾಲೆನ್ಸ್ ಮಾತ್ರ ಜೊತೆಗೆ ಬರಲ್ಲ. ಈಗಿರುವ ಪ್ಯಾಕ್ ಮುಗಿಯಲು ಬಂದಾಗ ಅರ್ಜಿ ಹಾಕಿ.